ನೀರಿಗೆ ನಾಲ್ಕು ಕಾಲು

ಬೈತಖೋಲಿನಲ್ಲಿ ಮೂವತ್ತು ವರ್ಷ
ದೋಣಿಗೆ ಪಕ್ಕೆಲುಬು ಕೂರಿಸಿದ ಕೈ ಇದು.
ನೀರಿನ ಮೇಲೆ ನಿಲ್ಲುವುದನ್ನು ಮಾಡಿ ಗೊತ್ತು.
ನೀರನ್ನೇ ಹೊತ್ತು ನಿಲ್ಲುವುದನ್ನು ಮಾಡಿಕೊಡು ಎಂದು
ಯಾರೂ ಕೇಳಿರಲಿಲ್ಲ,
ಕೋಡಿಬಾಗದ ಚಂದ್ರಭಾಗಾ ಹರಿಕಂತ್ರಳ ಮಗ ಬರುವವರೆಗೆ.

ಎರಡಡಿ ಉದ್ದದ ಗಾಜಿನ ತೊಟ್ಟಿ,
ಅಡಿ ಅಗಲ, ಹದಿನೈದು ಇಂಚು ಎತ್ತರ.
ತುಂಬಿದರೆ ಅರವತ್ತು ಲೀಟರು ಮೇಲೆಯೇ.
ಗಾಜು, ಮರಳು, ಕಲ್ಲು ಬೇರೆ.
ಅಂದರೆ ಒಬ್ಬ ದಪ್ಪ ಆಸಾಮಿ
ಹಗಲೂ ರಾತ್ರಿ ಏಳದೆ ಕೂತ ಹಾಗೆ.
ಕಾಲಿಗೆ ಮತ್ತಿ ಹಾಕುತ್ತೇನೆ, ಅಡ್ಡಪಟ್ಟಿಗೆ ಹಲಸು.
ಎತ್ತರ ಎಷ್ಟು?

ಮೂರೂವರೆ ಅಡಿ, ಅಂದ ನಿತೇಶ.
ಅವನು ಹೈವೇ ಬದಿಯ ಲಾಜಿನಲ್ಲಿ ಕೌಂಟರ್ ಕೆಲಸಕ್ಕಿದ್ದಾನೆ,
ಅಲ್ಲಿ ಮೀನು ನಿಂತವರ ಎದೆಗೆ ಬರುತ್ತದಂತೆ.
ಬಂದವರು ಬ್ಯಾಗು ಹಿಡಿದು ನಿಂತೇ ನೋಡುತ್ತಾರೆ,
ಕೀಲಿ ಸಿಕ್ಕ ಕೂಡಲೇ ಹೋಗುತ್ತಾರೆ.

ಅಷ್ಟು ಎತ್ತರ ಬೇಡ ಮಾರಾಯ.
ತೊಳೆಯುವಾಗ ಕೈ ಬುಡ ಮುಟ್ಟಬೇಕಲ್ಲ,
ಸ್ಟೂಲು ಹತ್ತಿ ಬಗ್ಗಿದರೆ ನೀನೂ ತೊಟ್ಟಿಯೊಳಗೆ.
ತೀರಾ ತಗ್ಗೂ ಆಗದು.
ಕೊಳೆ ನೀರು ಪೈಪಿನಲ್ಲಿ ಇಳಿಯಬೇಕಾದರೆ
ಬಕೆಟ್ಟಿನ ಬಾಯಿಗಿಂತ ಇದರ ಬುಡ ಮೇಲಿರಬೇಕು.
ನೀರಿಗೆ ಮೇಲೆ ಕೆಳಗೆ ಗೊತ್ತು, ಲಾಜು ಗೊತ್ತಿಲ್ಲ.

ಅಷ್ಟರಲ್ಲಿ ಅವನ ಅವ್ವ ಮಾರ್ಕೆಟ್ಟಿನಿಂದ ಬಂದಳು,
ತಲೆಯ ಮೇಲಿನ ಬುಟ್ಟಿ ಇಳಿಸಿ
ಸಿಂಬಿ ಬಿಚ್ಚಿ
ಗೋಡೆಗೆ ಒರಗಿಸಿಟ್ಟಿದ್ದ ಮಣೆ ಎಳೆದು ಕೂತಳು.
ಮಂಡಿ ಕಟಕ್ಕೆಂದಿತು.
ಕುರ್ಚಿ ಎರಡಿದ್ದವು. ಅವುಗಳ ಮೇಲೆ ಬಟ್ಟೆ ಒಣಗುತ್ತಿತ್ತು.

ದಿನಾ ಇಲ್ಲೇ ಕೂರೋದಾ? ಕೇಳಿದೆ.
ಮತ್ತೆಲ್ಲಿ?

ಟೇಪು ತೆಗೆದು ನೆಲಕ್ಕೆ ಹಚ್ಚಿ
ಅವಳ ಕಣ್ಣಿನವರೆಗೆ ಎಳೆದೆ.
ತಗಡು ಹತ್ತಿರ ಬಂತೆಂದು ಕಣ್ಣು ಪಿಳಿಕಿಸಿದಳು.
ಇದೇನು ಮೇಸ್ತ್ರೀ, ನನಗೆ ದೋಣಿ ಕಟ್ತೀಯಾ?
ಮೂವತ್ತೊಂದು ಇಂಚು.
ಅದರಲ್ಲಿ ಅರ್ಧ ತೊಟ್ಟಿ ಕಳೆದೆ.
ಎರಡು ಅಡಿ, ಅಂದೆ. ಬಕೆಟ್ಟೂ ಒಪ್ಪುತ್ತದೆ.

ಮಗ ಮುಖ ಸಣ್ಣದು ಮಾಡಿದ.
ನಿಂತವರಿಗೆ ಮೀನಿನ ಬೆನ್ನು ಮಾತ್ರ ಕಾಣೋದು.
ಹೌದು, ಅಂದೆ. ಕೂತುಕೋ.

ಕೂರಿಸುವ ದಿನ ಇನ್ನೊಂದು ತರಲೆ.
ತೊಳೆದ ನೀರು ಹೊರಗೆ ಹೋಗಲಿ ಎಂದು
ಯಾವ ಕಾಲದಲ್ಲೋ ನೆಲಕ್ಕೆ ಕೊಟ್ಟ ಇಳಿಜಾರು.
ಮಟ್ಟದ ಗುಳ್ಳೆ ನಡುವೆ ನಿಂತಿತು ಅಂದುಕೊಂಡೆ,
ತುಂಬಿದ ಮೇಲೆ ನೀರು ಬೇರೆ ಹೇಳಿತು:
ಬಾಗಿಲ ಕಡೆ ಕಾಲಿಂಚು ಜಾಸ್ತಿ.
ನೀರಿನಷ್ಟು ಖಡಕ್ ಇಂಜಿನಿಯರು ನಾನು ಕಂಡಿಲ್ಲ.
ಬೈದುಕೊಳ್ಳುತ್ತ ಎಲ್ಲ ಖಾಲಿ ಮಾಡಿ
ಹಳೇ ಪಾತಿಯ ಹಲಗೆಯಿಂದ ಒಂದು ಚಕ್ಕೆ ಸೀಳಿ
ಆ ಕಡೆಯ ಎರಡೂ ಕಾಲಿಗೆ ಕೊಟ್ಟೆ.
ಉಪ್ಪು ಕುಡಿದ ಮರ, ಜಗ್ಗದು.

ನಾಲ್ಕು ಕೆಂಪು ಮೀನು ಬಿಟ್ಟರು.
ಅವಳು ಮಣೆಯ ಮೇಲೆ ಕೂತಿದ್ದಳು.
ನಲವತ್ತು ವರ್ಷ ಮೀನು ಅವಳ ತಲೆಯ ಮೇಲಿತ್ತು,
ಇಲ್ಲವೇ ಕಾಲ ಬುಡದಲ್ಲಿ, ಗೋಣಿ ಹಾಸಿದ ಐಸಿನ ಮೇಲೆ.
ಹೆಬ್ಬೆರಳಿನಿಂದ ಕಿವಿರು ಎತ್ತಿ ಕೆಂಪು ತೋರಿಸಿ
ತಾಜಾ ಹೌದೋ ಅಲ್ಲವೋ ನೋಡಿ ಎಂದು
ಊರಿಗೆಲ್ಲ ಸಾಬೀತು ಮಾಡಿದವಳು.

ಒಂದು ಮೀನು ಗಾಜಿಗೆ ಬಂದು ನಿಂತಿತು.
ಕಣ್ಣಿಗೆ ಸರಿಯಾಗಿ ಕಣ್ಣು.
ಕಿವಿರು ತೆರೆಯಿತು, ಮುಚ್ಚಿತು, ತೆರೆಯಿತು.

ಇದು ತಾನೇ ತೆಗೀತದೆ, ಅಂದಳು.
ಯಾರಿಗೆ ಹೇಳಿದಳೋ. ನಿತೇಶ ಪಕ್ಕದಲ್ಲಿ
ಪ್ಯಾಂಟು ಕೊಳೆಯಾದೀತೆಂದು ಕುಕ್ಕರಗಾಲಲ್ಲಿದ್ದ.
ಸ್ವಲ್ಪ ಹೊತ್ತಿಗೆ ಪೂರ್ತಿ ಕೂತ.

ಕೂಲಿ ಕೊಟ್ಟರು. ಮೇಲೆ ಆರು ಬಾಂಗಡೆ,
ಪೇಪರಿನಲ್ಲಿ ಸುತ್ತಿ.
ಕತ್ತಲಾಗಿತ್ತು. ಕಾಳಿ ಸೇತುವೆಯ ಮೇಲೆ ಲಾರಿಗಳ ಸಾಲು.
ಮನೆಯಲ್ಲಿ ಪೊಟ್ಟಣ ಬಿಚ್ಚಿದೆ.
ಆರೂ ತಾಜಾ.
ನಾನು ಬಗ್ಗಿ ಅವುಗಳ ಕಣ್ಣಿನ ಮಟ್ಟಕ್ಕೆ ಹೋಗಲಿಲ್ಲ.
ಹಸಿವಾಗಿತ್ತು.