ದಾಸ್ತಾನು

ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನಾಗ
ಹನ್ನೊಂದು ವರ್ಷ ಆತು, ನಾ ಸ್ಟೋರ್ಸಿನಾಕಿ.
ನಟ್ಟು, ಬೋಲ್ಟು, ವಾಶರು, ಬ್ರೇಕಿನ ಬ್ಲಾಕು,
ಕಿರುಬೆರಳಿನಂಥ ಪಿನ್ನು, ಆನಿ ಕಾಲಿನಂಥ ಸ್ಪ್ರಿಂಗು.
ಬಂದದ್ದೆಷ್ಟು, ಹೋದದ್ದೆಷ್ಟು, ಉಳದದ್ದೆಷ್ಟು,
ಪ್ರತಿ ಕಪಾಟಿಗೂ ಒಂದು ಕಾರ್ಡು ತೂಗಹಾಕೇನಿ.
ಇಂತಿಷ್ಟಕ್ಕಿಂತ ಕಡಿಮಿ ಆತಂದ್ರ ಕೆಂಪು ಶಾಯಿಲೆ ಗೆರಿ,
ಮರುದಿನಾನ ಮ್ಯಾಲಿನವರಿಗೆ ಚೀಟಿ.

ನನಗಷ್ಟ ಯಾವ ಕಾರ್ಡೂ ಇರಲಿಲ್ಲ.

ಮುಂಜಾನೆ ಐದಕ್ಕ
ಎದ್ದಾಕಿ ನಾನೋ, ನನ್ನ ಸೀರಿಯೋ ತಿಳೀತಿರಲಿಲ್ಲ.
ನಾಕನೇ ರೊಟ್ಟಿಗೆ ಬಡಿಯೂದು ನಿಂತು
ಕೈ ಹಿಟ್ಟಿನ ಮ್ಯಾಲ ಹಂಗ ಕುಂತುಬಿಡತಿತ್ತು,
ಹಂಚು ಕಾದು ಕಾದು ಹೊಗಿ ಬರೂತನಕ.
ಮೂರನೇ ಮೆಟ್ಟಲಕ್ಕ ಎದಿ ಡಬಡಬ.
ತಲಿ ಬಾಚಿದರ ಹಣಗಿಯೊಳಗ ಒಂದು ಗುಬ್ಬಿಗೂಡು.
ಅಕ್ಕಿ ಆರಿಸಿಕೋತ ಹಸೀ ಅಕ್ಕಿ ಮುಕ್ಕೀನಿ,
ಮಗಳ ಚೀಲದಾಗಿನ ಬಳಪ ಕದ್ದು ತಿಂದೀನಿ,
ಯಾರ ಮುಂದೂ ಹೇಳಬ್ಯಾಡ್ರಿ.

ಅತ್ತಿ ಅಂದಳು: ಮೈಗಳ್ಳಿ.
ಗಂಡ ಅಂದ: ಮೊಬೈಲ್ ಕಡಿಮಿ ನೋಡು.
ಓಣಿ ಡಾಕ್ಟರು ರಿಪೋರ್ಟ್ ನೋಡಿ ಅಂದ್ರು:
‘ಹನ್ನೆರಡು ಪಾಯಿಂಟ್ ಎರಡು, ರಕ್ತ ಬೇಷ್ ಐತಿ.
ಹೆಣಮಕ್ಕಳಿಗೆ ದಣಿವು ಇದ್ದದ್ದ, ತಂಗಿ.’
ಆ ‘ಇದ್ದದ್ದ’ ಅನ್ನೂ ಮಾತನ್ನ
ಸೆರಗಿಗೆ ಗಂಟು ಹಾಕ್ಕೊಂಡು ಎರಡು ವರ್ಷ ನಡದೆ.

ಶಾಹೀನ್ ಕಿತ್ತೂರ ಮೇಡಂ ಮೊದಲ ಕಾಗದ ನೋಡಲಿಲ್ಲ.
‘ತಿಂಗಳಿಗೆ ಎಷ್ಟು ದಿವಸ?
ರಾತ್ರಿ ಎದ್ದು ಬದಲಿಸ್ತೀರೇನು?’
ಎಂಟು ದಿವಸ, ಹೂಂ, ಏಳತೇನಿ,
ಎಲ್ಲಾರಿಗೂ ಹಂಗ ಅನ್ಕೊಂಡಿದ್ದೆ.
ಮತ್ತೊಂದು ಸೀಸೆ ರಕ್ತ. ಫೆರಿಟಿನ್ ಅಂತ ಹೆಸರು.
ಬಂದದ್ದು ಏಳು.

‘ಹೆಂಗಂದ್ರ, ಡಬ್ಬಿಯೊಳಗ ಹಿಟ್ಟೈತಿ,
ಖರೇ, ಹಗೇವಿನ ತಳಾ ಕೆರದು ತುಂಬಿದ್ದು ಅದು.
ಡಬ್ಬಿ ನೋಡಿದವರು ಮನಿ ತುಂಬೇತಿ ಅಂತಾರ.’
ನಾ ನಕ್ಕೆ. ಮೇಡಂ, ನಾ ಸ್ಟೋರ್ಸಿನಾಕಿ.
ಶಾಪಿನಾಗ ಕೆಲಸಾ ನಡದೈತಿ, ಹಿಂದ ಕಪಾಟು ಖಾಲಿ,
ಇದು ನನಗ ತಿಳೀತೈತಿ.
ಅಷ್ಟು ಕಬ್ಬಿಣ ಎಣಿಸಿದಾಕಿ ನಾನು...
ಮುಂದ ಹೇಳಾಕ ಆಗದ ಅವರ ಮೇಜಿನ ಮ್ಯಾಲಿನ
ಪೇಪರ್‌ವೇಟ್ ತಿರಿಗಿಸಿಕೋತ ಕುಂತೆ.

ದಿನಾ ಬಿಟ್ಟು ದಿನಾ ಒಂದು ಗುಳಗಿ,
ನಿಂಬಿಹಣ್ಣಿನ ನೀರಾಗ. ಹಾಲಿನ ಕೂಡ ಬ್ಯಾಡ.
ಚಾ, ಹಿಂದ ಮುಂದ ಎರಡು ತಾಸು ಹತ್ರ ಸುಳೀಬಾರದು.
ಹುಬ್ಬಳ್ಳಿಯಾಗ ಹುಟ್ಟಿದಾಕಿಗೆ ಈ ಮಾತು!
ಜೊತಿಗೆ ಸ್ಕ್ಯಾನಿಂಗು: ಸೋರೂ ನಳಾ ಹಂಗ ಬಿಟ್ಟು
ಟಾಕಿ ತುಂಬಿಸಿ ಏನ ಬಂತು?
ಬಾಯೊಳಗ ತುಕ್ಕಿನ ರುಚಿ, ಹೊಟ್ಟಿ ಕಲ್ಲು,
ಪಾಯಿಖಾನಿಗೆ ಹೋದರ ಡಾಂಬರು.
ಹೆದರಿ ಫೋನ್ ಮಾಡಿದೆ. ‘ಗುಳಗಿ ಬಣ್ಣರೀ, ಬಿಡಬ್ಯಾಡ್ರಿ.’
ಎರಡು ಸಲ ಬಿಟ್ಟೆ. ಎರಡು ಸಲ ಮತ್ತ ಹಿಡದೆ.

ಒಂದು ತಿಂಗಳು ಏನೂ ಇಲ್ಲ.

ಎರಡನೇದರ ಕಡೀಗೆ, ದುರ್ಗದಬೈಲಿನಾಗ
ಮೆಂತೆಪಲ್ಯದ ಸೂಡಿಗೆ ಇಪ್ಪತ್ತು ಅಂದಳು ಒಬ್ಬಾಕಿ.
ನಾ ಹದಿನೈದಕ್ಕ ನಿಂತೆ. ಆಕಿ ಒಂದ ಅಂದ್ಲು, ನಾ ಎರಡ ಅಂದೆ,
ಟೊಂಕದ ಮ್ಯಾಲ ಕೈ ಇಟ್ಟು, ಮಂದಿ ತಿರಿಗಿ ನೋಡೂವಂಗ
ಐದು ರೂಪಾಯಿಗೆ ಜಗಳಾಡಿದೆ.
ದಾರ್ಯಾಗ ಹೊಳೀತು, ಜಗಳಾಡಿ ಎಷ್ಟು ವರ್ಷ ಆಗಿತ್ತು!
ಬಾಯಿ ತಗಿಯಾಕ ತ್ರಾಣ ಇಲ್ಲದ
ಕೇಳಿದ್ದ ಕೊಟ್ಟು ಬರತಿದ್ದೆ.
ಮಂದಿ ನನ್ನ, ಭಾಳ ಸಮಾಧಾನದ ಹೆಂಗಸು ಅಂತಿದ್ರು.

ಮೊನ್ನಿ ನೋಡಿದಾಗ ಇಪ್ಪತ್ತೆರಡು.
ಇನ್ನೂ ನಾಕ ತಿಂಗಳು ಬೇಕಂತ.
ಒಂದು ಹಳೇ ಕಾರ್ಡಿನ ಹಿಂದ
ಶಿವಗಂಗಾ ಹೆಬಸೂರ ಅಂತ ಬರದು
ಮೂರು ಗೆರಿ ಎಳದು, ಅಡಗಿಮನಿ ಮೊಳಿಗೆ ಸಿಗಿಸೇನಿ.

ನಿನ್ನಿ ಸಂಜಿಕ ಅತ್ತಿ ಚಾದ ಲೋಟಾ ಮುಂದ ಇಟ್ಟು
ಹಂಗ ಹಿಂದಕ್ಕ ಎಳಕೊಂಡ್ಲು. ಗಡಿಯಾರ ನೋಡಿದ್ಲು.
‘ಗುಳಗಿ ನುಂಗಿ ಎಷ್ಟೊತ್ತಾತು?’
‘ಒಂದೂವರಿ ತಾಸು.’
ಲೋಟಾದ ಮ್ಯಾಲ ತಾಟು ಮುಚ್ಚಿ
ಎದುರಿಗೆ ಕುಂತ್ಲು, ಅರ್ಧಾ ತಾಸು,
ತಾನೂ ಕುಡೀಲಿಲ್ಲ.