ಹೆಬ್ಬೆಟ್ಟು

ಲಿಯೆಪಾಯಾದಲ್ಲಿ ಕಿಟಕಿ ತೆರೆದರೆ ಸಾಕು,
ಸಮುದ್ರ ಒಳಗೆ ಬಂದು ಕುರ್ಚಿಯೆಳೆದು ಕೂರುತ್ತದೆ.
ಬಾಲ್ಟಿಕ್ ಗಾಳಿಗೆ ಬಾಗಿಲ ಚಿಲಕ ಸವೆಯುವುದಿಲ್ಲ,
ಕರಗುತ್ತದೆ.
ಅದಕ್ಕೇ ನಾಣ್ಯಗಳಿಗೆ ಕಿಟಕಿಯಿಲ್ಲದ ಕೋಣೆ,
ಹಿಂದೆ ಸೌತೆಕಾಯಿ ಜಾಡಿಗಳಿದ್ದದ್ದು.
ಒಣಗಿಸಲು ಎರಡು ಚಳಿಗಾಲ ಹಿಡಿಯಿತು.

ಮೂವತ್ತೊಂದು ವರ್ಷ ಔಷಧದಂಗಡಿಯಲ್ಲಿ
ಗುಳಿಗೆ ಎಣಿಸಿದ ಕೈ ನನ್ನದು.
ಚೀಟಿ ಅಂಟಿಸುವುದು ಗೊತ್ತು,
ಮುಟ್ಟದೆ ಎತ್ತುವುದು ಗೊತ್ತು.
ನಾಣ್ಯವೆಂದರೆ ಮುಟ್ಟಿದರೆ ಮುನಿ:
ಅಂಚು ಹಿಡಿಯಬೇಕು, ಮುಖ ತಾಗಕೂಡದು,
ಅದರ ಮೇಲೆ ಬಾಗಿ ಮಾತಾಡಲೂ ಕೂಡದು.
ಎಂಜಲಿನ ಒಂದು ತುಂತುರು ಬಿದ್ದರೆ
ಹತ್ತು ವರ್ಷದ ಮೇಲೆ ಕಪ್ಪು ಚುಕ್ಕೆಯಾಗಿ
ಆಡಿದ ಮಾತು ಅಲ್ಲೇ ಕೂತಿರುತ್ತದೆ.

ಕಲಿತದ್ದೆಲ್ಲ ಕಳಕೊಂಡು ಕಲಿತದ್ದು.
ಮೆತ್ತನೆ ಪ್ಲಾಸ್ಟಿಕ್ಕಿನ ಆಲ್ಬಮ್ಮಿನಲ್ಲಿ
ಹನ್ನೊಂದು ಬೆಳ್ಳಿ ನಾಣ್ಯ ಜಿಗುಟು ಹಸಿರಾದವು,
ಬಸವನಹುಳು ನಡೆದುಹೋದ ಹಾಗೆ.
ಅಪ್ಪ ಮಾಡಿದ ಓಕ್ ಮರದ ಕಪಾಟು,
ಒಂದು ಮೊಳೆಯಿಲ್ಲದ ಕೆಲಸ,
ಖಾನೆ ಮುಚ್ಚಿದರೆ ಒಳಗೇ ಹುಳಿ ಉಸಿರು ಬಿಡುತ್ತಿತ್ತು.
ಸೀಸದ ಮುದ್ರೆಗಳು ಬಿಳಿ ಹಿಟ್ಟಾದವು.
ಅಪ್ಪನಿಗೆ ಹೇಳಲಿಲ್ಲ.
ಈಗ ಅದರಲ್ಲಿ ಉಣ್ಣೆಯ ಕಾಲುಚೀಲಗಳಿವೆ,
ಅವಕ್ಕೇನೂ ಆಗಿಲ್ಲ.

ಈಗ ಉಕ್ಕಿನ ಪೆಟ್ಟಿಗೆ, ಒಂದೊಂದಕ್ಕೆ ಒಂದೊಂದು
ಹುಳಿಯಿಲ್ಲದ ಕಾಗದದ ಲಕೋಟೆ,
ಮೂಲೆಯಲ್ಲಿ ಬಟ್ಟೆಚೀಲದ ತುಂಬ ನೀಲಿ ಮಣಿಗಳು.
ನೀಲಿ ಗುಲಾಬಿಗೆ ತಿರುಗಿತೆಂದರೆ
ಅವು ಕುಡಿಯುವಷ್ಟು ಸಮುದ್ರ ಕುಡಿದಿವೆ ಎಂದು.
ಭಾನುವಾರ ಒಲೆಯೊಳಗಿಟ್ಟು ಕಾಯಿಸುತ್ತೇನೆ,
ಮತ್ತೆ ನೀಲಿಯಾಗುತ್ತವೆ, ಮತ್ತೆ ಬಾಯಾರುತ್ತವೆ.

ಕಳೆದ ವಾರ ರೀಗಾದಿಂದ ಸ್ಟ್ರೌಪೆ ಬಂದಿದ್ದ,
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಕಾಫಿ ಕುಡಿಯುವವ.
ಎಲ್ಲ ನೋಡಿದ, ಮೆಚ್ಚಿದ, ಒಂದರ ಬಳಿ ನಿಂತ.
ಎರಡು ಸಾಂಟಿಮ್, ಕಂಚು, ಸಾವಿರದ ಒಂಬೈನೂರ ಇಪ್ಪತ್ತೆರಡು.
"ಯಾರ ಹೆಬ್ಬೆಟ್ಟು ಇದು?" ಎಂದ. "ಛೆ!
ಇದೊಂದು ಇಲ್ಲದಿದ್ದರೆ ಬೆಲೆಯೇ ಬೇರೆ."

ಇಂದುಲಿಸನದು.
ಹೊಗೆ ಹಾಕಿದ ಮೀನು ತಿನ್ನುತ್ತಿದ್ದ, ಎಣ್ಣೆಗೈ.
"ಏನೇ ಇದು, ಇಷ್ಟು ಹೊಳೀತದೆ" ಎಂದು
ದೀಪಕ್ಕೆ ಹಿಡಿದ.
ಬೈದೆ. ಇರುವ ಬೈಗುಳವನ್ನೆಲ್ಲ ಬೈದೆ.
ನಕ್ಕು ಮೇಜಿನ ಬಟ್ಟೆಗೆ ಕೈ ಒರೆಸಿಕೊಂಡ.
ಆ ರಾತ್ರಿ ನಾಣ್ಯದ ಮೇಲೆ ಏನೂ ಕಾಣಲಿಲ್ಲ.

ಬೆರಳಿನ ಉಪ್ಪು ನಿಧಾನದ ಬರವಣಿಗೆ.
ದೋಣಿ ಹೋದದ್ದು ಜನವರಿಯಲ್ಲಿ, ಏಳು ಜನರೊಡನೆ.
ಬಂದರಿನ ಕಚೇರಿಯವರು ಕಾಗದ ತಂದರು,
ಇಲ್ಲಿ ಸಹಿ ಎಂದು ತೋರಿಸಿದರು.
ಅಮ್ಮ ಪೆನ್ನು ಮುಟ್ಟಲಿಲ್ಲ.
ಮಾರ್ಚಿಯಲ್ಲಿ ಲಕೋಟೆ ತೆರೆದರೆ
ಕಂಚಿನ ಮೇಲೆ ಕಂದು ಗೆರೆಗಳು,
ಸುಳಿಯೊಳಗೆ ಸುಳಿ, ಮೇಲ್ಗಡೆ ಅಡ್ಡಕ್ಕೊಂದು ಬರೆ:
ಬಲೆಯ ದಾರ ಕುಯ್ದಿದ್ದ ಗಾಯ.
ಓದು ಬಾರದವರಷ್ಟೇ ಒತ್ತುತ್ತಾರೆಂದುಕೊಂಡಿದ್ದೆ.

ಸ್ಟ್ರೌಪೆಗೆ ಇದನ್ನು ಹೇಳಲಿಲ್ಲ.
"ಯಾವುದೋ ಹುಡುಗ" ಎಂದೆ, ಇನ್ನೊಂದು ಬಿಸ್ಕತ್ತು ಕೊಟ್ಟೆ.

ಅವನಿಗೇನು ಗೊತ್ತು, ಇದೇ ಎಲ್ಲಕ್ಕಿಂತ ಕಷ್ಟದ್ದು.
ಬೇರೆಯವಕ್ಕೆ ಕಿಲುಬು ಹತ್ತದಿದ್ದರೆ ಆಯಿತು.
ಇದರಲ್ಲಿ ಕಿಲುಬನ್ನೇ ಕಾಯಬೇಕು.
ತೇವ ಹೆಚ್ಚಿದರೆ ಗೆರೆಗೆ ಗೆರೆ ಕೂಡಿ
ಬರೀ ಕಲೆ.
ಉಜ್ಜಿದರೆ ಬರೀ ಕಂಚು.
ಬೆಳೆಯಲೂ ಬಾರದು, ಅಳಿಯಲೂ ಬಾರದು,
ಹತ್ತೊಂಬತ್ತು ವರ್ಷದ ಹುಡುಗ
ಹತ್ತೊಂಬತ್ತರಲ್ಲೇ ಇರಬೇಕು.

ಒಮ್ಮೊಮ್ಮೆ ಕೈಗವಸು ಕಳಚುತ್ತೇನೆ.
ನನ್ನ ಹೆಬ್ಬೆರಳನ್ನು ಅದರ ನೇರಕ್ಕೆ,
ಕೂದಲೆಳೆಯಷ್ಟು ಮೇಲೆ, ಹಿಡಿಯುತ್ತೇನೆ.
ಉಸಿರು ಬಿಗಿಹಿಡಿದು. ಬೈಗುಳವನ್ನೂ.
ಅವನದು ದೊಡ್ಡದು, ಎಲ್ಲ ಕಡೆ ಹೊರಗೆ ಉಳಿಯುತ್ತದೆ.

ಸಾಕು. ಮಣಿಗಳು ಗುಲಾಬಿಯಾಗಿವೆ,
ಒಲೆ ಹಚ್ಚಬೇಕು.