ಹನ್ನೊಂದು ನಲವತ್ತೆರಡು

ಲೋಕ ಮುಗಿಸಲು ನನಗೆ ಆರು ವಾರ ಹಿಡಿಯಿತು.
ಮೊದಲು ಗೋಡೆಗಳನ್ನು ನೆಟ್ಟಗೆ ಕಟ್ಟಿದೆ.
ಕಟ್ಟದೆ ಕೆಡವಲಾಗದು, ಈ ಕಸುಬಿನ ಮೊದಲ ಪಾಠ.
ಆಮೇಲೆ ಒಂದೊಂದೇ ಕಲ್ಲು ಕಿತ್ತೆ,
ಮೂಲೆಗಳನ್ನು ಇಲಿ ಕಚ್ಚಿದ ರೊಟ್ಟಿಯ ಹಾಗೆ ಕೊರೆದೆ,
ಸರಳುಗಳನ್ನು ಹೊರಕ್ಕೆ ಬಾಗಿಸಿದೆ.
ತುಕ್ಕಿಗೆ ಮೂರು ಪದರ. ದೂಳಿಗೆ ಎರಡು.
ಪಾಚಿಯನ್ನು ಬಡಗಣ ಮುಖಕ್ಕಷ್ಟೇ ಸವರಿದೆ,
ತಿಳಿದವರು ತಲೆದೂಗಲಿ ಎಂದು.
ಬಿರುಕಿಗೆ ಮಾದರಿ ಹುಡುಕಿ ದೂರ ಹೋಗಲಿಲ್ಲ:
ನಮ್ಮ ಬೀದಿಯ ಮೂರನೆಯ ಮನೆ,
ಕರಿಗಲ್ಲಿನದು,
ನಾನು ಹುಟ್ಟುವ ಹದಿನೈದು ವರ್ಷ ಮೊದಲೇ ಬಿರಿದದ್ದು.
ಫೋನಿನಲ್ಲಿ ಹಿಡಿದು ತಂದು ಹಚ್ಚಿದೆ.

ಗ್ಯುಮ್ರಿಯಲ್ಲಿ ಫೆಬ್ರವರಿ.
ಕಂಪ್ಯೂಟರಿನ ಬಿಸಿಯುಸಿರಿಗೆ ಕಾಲು ಚಾಚಿ ಕೂರುತ್ತೇನೆ.
ಬೆಳಕಿನ ಲೆಕ್ಕ ಹಾಕುವಾಗ ಅದು ಇನ್ನಷ್ಟು ಕಾಯುತ್ತದೆ;
ಪ್ರಳಯದಿಂದ ಈವರೆಗಿನ ಲಾಭ ಇಷ್ಟೆ.

ವಾರ್ಸಾದ ಕಂಪನಿ ಬರೆದಿತ್ತು:
ಒಂದೇ ದೃಶ್ಯ ಸಾಕು, ಅದರಲ್ಲೊಂದು ಕತೆ ಇರಲಿ.
ಕತೆಗೆಂದು ಎಲ್ಲರೂ ಇಡುವುದನ್ನೇ ಇಟ್ಟೆ:
ಮಗುಚಿದ ತಳ್ಳುಗಾಡಿ, ಒಕ್ಕಣ್ಣಿನ ಗೊಂಬೆ,
ಗೋಡೆಯ ಮೇಲೆ ಕೆಂಪಿನಲ್ಲಿ ‘ಕ್ಷಮಿಸು’,
ಗೋಪುರದಲ್ಲಿ ನಿಂತ ಗಡಿಯಾರ.

ವೆರ್ಜಿನೆ ಬಂದದ್ದು ಜಗಳಕ್ಕೆ.
ಹಿಂದಿನ ರಾತ್ರಿ ನನ್ನ ಯಂತ್ರ ಅವಳ ಮಹಡಿಯ ಫ್ಯೂಸನ್ನೂ ಸುಟ್ಟಿತ್ತು.
ಬೈಗುಳ ಅರ್ಧಕ್ಕೆ ಬಿಟ್ಟು ಕನ್ನಡಕ ಹಾಕಿಕೊಂಡಳು.
“ಇದೆಲ್ಲಿ, ಆರೆಗ್?”
“ಎಲ್ಲೂ ಅಲ್ಲ. ಆಟದೊಳಗಿನ ಊರು. ಎಲ್ಲಾ ಮುಗಿದ ಮೇಲೆ.”
“ಮುಗಿದ ಮೇಲೆ ಅಂದರೆ, ಎಷ್ಟು ಹೊತ್ತಿಗೆ?”

ಮೂವತ್ತು ವರ್ಷ ಎಂದು ಫೈಲಿನಲ್ಲಿತ್ತು. ಹೇಳಲಿಲ್ಲ.
ಅವಳ ಬೆರಳು ಗೋಪುರದ ಮೇಲೆ ಎಣ್ಣೆಯ ಗುರುತು ಬಿಟ್ಟಿತು.

“ಹನ್ನೊಂದು ನಲವತ್ತೊಂದು. ಎಲ್ಲರೂ ಇದನ್ನೇ ಬರೀತಾರೆ.
ಗಡಿಯಾರಕ್ಕೇನು, ನಿಂತುಬಿಡ್ತು.
ಹನ್ನೊಂದು ನಲವತ್ತೆರಡಕ್ಕೆ ನಾನು
ಇನ್ನೊಂದು ಕಾಲಿನ ಜೋಡು ಹುಡುಕ್ತಿದ್ದೆ.
ಸಂಜೆ ಯಾರೋ ಬಾಗಿಲೊಂದನ್ನು ಸೀಳಿ ಒಲೆ ಹಚ್ಚಿದರು,
ಬಾಗಿಲು ಯಾರದು ಅಂತ ಯಾರೂ ಕೇಳಲಿಲ್ಲ.
ಆರನೇ ದಿನ ಶೋಗಿಕ್, ಕ್ರೇನಿಂದ ಕಂಬಕ್ಕೆ ಹಗ್ಗ ಬಿಗಿದು
ಬಟ್ಟೆ ಒಣಹಾಕಿದಳು. ಡಿಸೆಂಬರು!
ಗಂಡನ ಅಂಗಿ ಹಲಗೆ ಹಾಗೆ ಸೆಟೆದು ನಿಂತಿತ್ತು.
ಗಂಡ ಇರಲಿಲ್ಲ.
ಕ್ರೇನಿನವನು ಬೈದ, ಬೈತಾ ಬೈತಾ
ತಲೆ ತಗ್ಗಿಸಿ ಅದರಡಿ ಹಾದುಹೋದ.”

ಎದ್ದಳು. “ನಿನ್ನ ಊರು ತುಂಬಾ ಚೊಕ್ಕಟ.
ಇಲ್ಲಿ ಯಾರೂ ಏನನ್ನೂ ಹುಡುಕ್ತಿಲ್ಲ.
ಫ್ಯೂಸಿಗೆ ಎಂಟುನೂರು ದ್ರಾಮ್.”

ಕೊಟ್ಟೆ.

ಗೊಂಬೆ ಅಳಿಸಿದೆ. ‘ಕ್ಷಮಿಸು’ ಅಳಿಸಿದೆ.
ತಳ್ಳುಗಾಡಿಗೆ ಮಾತ್ರ ಮನಸ್ಸು ಬರಲಿಲ್ಲ,
ಅದರ ಚಕ್ರಕ್ಕೇ ನಾಲ್ಕು ದಿನ ಸುರಿದಿದ್ದೆ;
ನೆಟ್ಟಗೆ ನಿಲ್ಲಿಸಿ ಸೌದೆ ತುಂಬಿದೆ.
ಮುಳ್ಳನ್ನು ಒಂದು ನಿಮಿಷ ಮುಂದೆ ತಳ್ಳಿದೆ.
ಒಂಟಿ ಜೋಡನ್ನು ಮೆಟ್ಟಿಲ ಮೇಲಿಟ್ಟೆ.
ಜತೆಯದನ್ನು ಎಲ್ಲಿಟ್ಟೆನೆಂದು ಹೇಳಲಾರೆ.

ಗಾಳಿಗೆ ಹಾರುವ ಬಟ್ಟೆಯ ಲೆಕ್ಕ ನನಗೆ ಗೊತ್ತು.
ಸೆಟೆದ ಅಂಗಿಯದು ಗೊತ್ತಿಲ್ಲ.
ನನ್ನದೇ ಅಂಗಿ ನೆನೆಸಿ ಬಾಲ್ಕನಿಯಲ್ಲಿ ನೇತುಹಾಕಿ
ಬೆಳಗಿನ ಜಾವ ಒಳಗೆ ತಂದೆ, ಬಾಗಿಲಲ್ಲಿ ಅಡ್ಡ ತಿರುಗಿಸಿ,
ಪಾರ್ಶ್ವವಾಯು ಬಡಿದವನನ್ನು ಒಳತರುವಂತೆ.
ಕುರ್ಚಿಗೆ ಆನಿಸಿದೆ. ತಾನೇ ನಿಂತಿತು.
ತೋಳುಗಳು ದೇಹದಿಂದ ತುಸು ದೂರ,
ಕಾಲರಿನೊಳಗೆ ಒಂದು ಕತ್ತಿನಷ್ಟು ಜಾಗ.
ಮಡಿಕೆ ಮಡಿಕೆ ಎಣಿಸಿ ಕೆತ್ತುತ್ತ ಹೋದೆ;
ಇಡೀ ಗೋಪುರಕ್ಕಿಂತ ಹೆಚ್ಚು ಪಾಲಿಗಾನ್
ಆ ಒಂದು ಅಂಗಿ ನುಂಗಿತು.

ಎಡತೋಳು ಮೊದಲು ಇಳಿಯಿತು. ನೆಲಕ್ಕೆ ಹನಿ.
ಕರಗುವುದರೊಳಗೆ ಬೆನ್ನು ಮುಗಿಸಬೇಕು.
ಬೆಳಕಿನ ಲೆಕ್ಕಕ್ಕೆ ಬಿಟ್ಟೆ. ಫ್ಯಾನು ಮೊರೆಯಿತು,
ಪಾದಕ್ಕೆ ಬಿಸಿ ಬಂತು, ಮತ್ತೆ

ಟಪ್ ಎಂದು ಕತ್ತಲೆ.
ಕೆಳಗಿನಿಂದ ವೆರ್ಜಿನೆಯ ಕೂಗು, ನನ್ನ ಪೂರ್ತಿ ಹೆಸರು ಹಿಡಿದು.
ಉಳಿಸಿದ್ದೆನೋ ಇಲ್ಲವೋ ನೆನಪಾಗಲಿಲ್ಲ.
ಫ್ಯೂಸಿನ ಪೆಟ್ಟಿಗೆ ಮೆಟ್ಟಿಲ ಬುಡದಲ್ಲಿ, ಕಲ್ಲು ಕೊರೆಯುವ ಚಳಿ.
ಒಂದು ಕಾಲಿಗೆ ಸಿಕ್ಕಿತು.
ಮಂಡಿಯೂರಿ, ಒದ್ದೆ ನೆಲದ ಮೇಲೆ,
ಇನ್ನೊಂದಕ್ಕೆ ತಡಕಾಡಿದೆ.